ಬೋಟು ಅಳಿವೆ ದಾಟಿದ ಮೇಲೆ

ಅವಳು ಸತ್ತು ಹದಿನಾರು ದಿನವಾಯಿತು. ಬಂದವರೆಲ್ಲ ಒಳ್ಳೆಯ ಹೆಂಗಸು, ಒಳ್ಳೆಯ ಹೆಂಗಸು ಎಂದರು. ನಾನು ಹೂಂ ಎನ್ನಲಿಲ್ಲ. ಅವಳು ಒಳ್ಳೆಯವಳಾದದ್ದು ಕೊನೆಯ ಒಂಬತ್ತು ವರ್ಷ ಮಾತ್ರ, ಅದೂ ನನ್ನಿಂದಾಗಿ. ಅದಕ್ಕೆ ಮೊದಲು ಅವಳು ಮೈಗಳ್ಳಿ. ಒಲೆಯ ಮೇಲೆ ಗಂಜಿ ಇಟ್ಟು ಮರೆಯುವವಳು. ಅಂಗಳ ಗುಡಿಸದೆ ಮೂರು ದಿನ ಬಿಡುವವಳು. ಗಂಡ ಮನೆಯಲ್ಲಿ ಇಲ್ಲದಾಗ ಅವಳಷ್ಟು ಖುಷಿಯಾಗಿದ್ದ ಇನ್ನೊಬ್ಬ ಹೆಂಗಸನ್ನು ನಾನು ಗಂಗೊಳ್ಳಿಯಲ್ಲಿ ಕಂಡಿಲ್ಲ. ತಪ್ಪು ತಿಳಿಯಬೇಡಿ. ಗಂಡ ಕೆಟ್ಟವನಲ್ಲ, ಅವಳೂ ಅಂಥವಳಲ್ಲ. ಅವಳಿಗೆ ಬೇಕಾದದ್ದು ಕಾದಂಬರಿ. ಅದನ್ನು ಓದಲು ಖಾಲಿ ಮನೆ.

ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಕಿಂಡಿ. ನಾನು ಮೀನು ಮಾರುವವಳು, ಗಂಡ ಸತ್ತು ಬಹಳ ಕಾಲವಾಯಿತು. ನನ್ನ ಅಕ್ಷರ ಎರಡನೇ ಕ್ಲಾಸಿನದ್ದು. ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಇದನ್ನು ನಾನು ಗೀಚಿದ ಮೇಲೆ, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು ಸರಿ ಮಾಡಿ ಬರೆದಿದ್ದಾಳೆ. ಆಚೆಮನೆಯವಳ ಗಂಡ ತಂಡೇಲ, ಎಂದರೆ ಬೋಟು ನಡೆಸುವವನು, ಎಂಟು ಜನ ಅವನ ಮಾತಿನ ಮೇಲೆ ಕಡಲಿಗೆ ಹೋಗುವವರು. ಹೋದರೆ ಹತ್ತು ದಿನ, ಹನ್ನೆರಡು ದಿನ. ಬಂದರೆ ಎರಡೇ ದಿನ. ಮೀನು ಇಳಿಸುವುದು, ಐಸು ತುಂಬುವುದು, ಮತ್ತೆ ಹೋಗುವುದು. ಮಳೆಗಾಲದ ಎರಡು ತಿಂಗಳು ಮಾತ್ರ ಬೋಟು ದಡದಲ್ಲಿ, ಅವನು ಮನೆಯಲ್ಲಿ. ಅವರಿಗೆ ಮಕ್ಕಳು ಇರಲಿಲ್ಲ.

ಬೋಟು ಹೊರಟ ದಿನ ಅದು ಅಳಿವೆ ದಾಟುವ ತನಕ ಅವಳು ಮನೆ ಗುಡಿಸುತ್ತಿರಲಿಲ್ಲ, ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅದು ಕ್ರಮ. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಜಾಗ, ಅಲ್ಲಿ ದಾಟಿದರೆ ಅರ್ಧ ಜೀವ ಬಂದ ಹಾಗೆ. ದಾಟಿತು ಎಂದು ಫೋನು ಬಂದದ್ದೇ ಅವಳು ಕಿಂಡಿಯ ಹತ್ತಿರ ಬಂದು ಹೇಳುತ್ತಿದ್ದಳು.

"ದಾಟ್ತ್ ಅಕ್ಕ. ಇನ್ನ್ ಹತ್ತ್ ದಿನ ನಾ ಯಾರ್ ಹೆಂಡ್ತಿಯೂ ಅಲ್ಲ."

ಆಮೇಲೆ ಸೀರೆಗಳ ಅಡಿಯಿಂದ ಪುಸ್ತಕ ಹೊರಗೆ ಬರುತ್ತಿತ್ತು. ಹತ್ತೂ ದಿನ ಗಂಜಿ, ಒಣಮೀನಿನ ಚಟ್ನಿ. ಒಂದು ದಿನ ನಾನು ಕೇಳಿದೆ, "ಸಾರ್ ಮಾಡ್ಕಂಬುಕೆ ಎಂತ ಕಷ್ಟ ಹೆಣೆ ನಿಂಗೆ?"

"ಸಾರ್ ಮಾಡು ಹೊತ್ತಿಗೆ ಎರಡ್ ಅಧ್ಯಾಯ ಆತ್ತ್ ಅಕ್ಕ."

ಜಗಲಿಯ ಕಂಬಕ್ಕೆ ಒರಗಿ, ಕಾಲು ಚಾಚಿ, ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಓದುವಳು. ಪುಟ ತಿರುಗಿಸುವಾಗ ಮಾತ್ರ ಜಡೆ ಬಾಯಿಂದ ಬೀಳುತ್ತಿತ್ತು. ಕಾಗೆ ಬಂದು ಒಣಹಾಕಿದ ಮೀನು ಎಳೆದರೂ ಗೊತ್ತಾಗುತ್ತಿರಲಿಲ್ಲ. ಕಾಗೆ ಓಡಿಸುವ ಕೆಲಸ ನನ್ನದು.

ಪುಸ್ತಕ ತರುವ ಕೆಲಸವೂ ನನ್ನದೇ. ನಾನು ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಕುಂದಾಪುರದ ಮಾರ್ಕೆಟ್ಟಿಗೆ ಹೋಗುವವಳು, ಲೈಬ್ರರಿ ಅಲ್ಲಿಂದ ದೂರವಿಲ್ಲ. ಕಾರ್ಡು ಅವಳದ್ದು, ಕಾಲು ನನ್ನದು. ಮೊದಲ ದಿನ ಅಲ್ಲಿದ್ದ ಕನ್ನಡಕದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ ಓದುದ್ ನೀವಾ?" ಎಂದರು.

"ಅಲ್ಲ, ನಮ್ಮನಿ ಬೆಕ್ಕ್," ಎಂದೆ.

ಅವರಿಗೆ ನಗು ಬರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಪುಸ್ತಕವನ್ನು ಎರಡು ಬೆರಳಲ್ಲಿ ಮೂಲೆ ಹಿಡಿದು ಎತ್ತಿದರು. "ಬಂಗ್ಡಿ ವಾಸ್ನಿ ಬತ್ತಿತ್ತಲೆ. ಬೇರೆಯವ್ರ್ ಓದುದ್ ಬ್ಯಾಡ್ದಾ?"

"ಅದ್ ಬಂಗ್ಡಿ ಅಲ್ಲ, ಅಂಜಲ್. ಮೂಗ್ ಸಮ ಇಲ್ಯಾ ನಿಮ್ಗೆ?"

ಆಮೇಲೆ ಅವರೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡತೊಡಗಿದರು. ಹೆಸರು ಗೊತ್ತಿಲ್ಲದವಳು ನಾನು ಪುಸ್ತಕ ಆರಿಸುವುದು ಹೇಗೆ? ಕೈಯಲ್ಲಿ ತೂಗಿ ನೋಡುತ್ತಿದ್ದೆ. ಮೀನಾದರೆ ಕಿವಿರು ಎತ್ತಿ ನೋಡಬಹುದು, ಪುಸ್ತಕಕ್ಕೆ ಕಿವಿರಿಲ್ಲ. ಒಂದು ದಪ್ಪದ್ದು, ಇಲ್ಲ ಎರಡು ತೆಳ್ಳಗಿನದ್ದು, ಬೋಟಿನ ಹತ್ತು ದಿನಕ್ಕೆ ಅಷ್ಟು ಸರಿಯಾಗುತ್ತಿತ್ತು. ಒಂದು ಸಲ ಎರಡನೇ ಭಾಗವನ್ನು ಮೊದಲು ತಂದುಬಿಟ್ಟೆ. ಅವಳು ಬಿಡಲಿಲ್ಲ. ಅದನ್ನೇ ಓದಿ, ಮೊದಲನೇ ಭಾಗದಲ್ಲಿ ಎಂತ ಆಗಿರಬಹುದು ಎಂದು ತಾನೇ ಕಟ್ಟಿ ನನಗೆ ಹೇಳಿದಳು. ಮುಂದಿನ ಸಲ ಮೊದಲನೇ ಭಾಗ ತಂದುಕೊಟ್ಟರೆ, ಓದಿ ಮುಗಿಸಿ ಸಿಟ್ಟಾದಳು.

"ಇವ್ರ್ ಬರ್ದದ್ದ್ ಸಮ ಇಲ್ಲೆ ಅಕ್ಕ. ನಾ ಹೇಳಿದ್ದೇ ಆಯ್ಕಿತ್ತ್."

ನಾನು ಮಧ್ಯಾಹ್ನದ ಬಸ್ಸಿಗೆ ಖಾಲಿ ಬುಟ್ಟಿ ಹಿಡಿದು ಬಂದು, ಉಂಡು, ಅವಳ ಜಗಲಿಯಲ್ಲಿ ಸಿಗಡಿ ಸುಲಿಯಲು ಕೂರುತ್ತಿದ್ದೆ. ಆಗ ಅವಳು ಗಟ್ಟಿಯಾಗಿ ಓದುವಳು. ಗಂಡಸಿನ ಮಾತು ಬಂದರೆ ದಪ್ಪ ಸ್ವರ, ಅತ್ತೆಯ ಮಾತು ಬಂದರೆ ಮೂಗಿನ ಸ್ವರ. ಎಲ್ಲ ಪುಸ್ತಕದ ಎಲ್ಲ ಅತ್ತೆಯರಿಗೂ ಅವಳ ಸ್ವಂತ ಅತ್ತೆಯ ಮೂಗೇ ಇತ್ತು. ನಾನು ನಡುವೆ ಬಾಯಿ ಹಾಕುತ್ತಿದ್ದೆ. "ಅವ್ನ್ ಕಪಾಳಕ್ಕೊಂದ್ ಬಿಡುದಲ್ದಾ ಆ ಹೆಣ್ಣ್? ಬಾಯಿಲ್ಯಾ ಅದಕ್ಕೆ?" ಅವಳು ಪುಸ್ತಕದಿಂದ ಕಣ್ಣು ತೆಗೆಯದೆ, "ನಿಮ್ಮನ್ನ್ ಕೇಂಡ್ ಬರ್ದಿರೆ ಕತಿ ಎರಡೇ ಪುಟಕ್ಕೆ ಮುಗಿತಿತ್ತ್," ಎನ್ನುವಳು. ನಾನು ನಕ್ಕದ್ದೆಲ್ಲ ಆ ಜಗಲಿಯಲ್ಲೇ. ಬೇರೆ ಕಡೆ ನಗಲು ನನಗೆ ಪುರಸೊತ್ತು ಇರಲಿಲ್ಲ.

ಕೊನೆಯ ಅಧ್ಯಾಯವನ್ನು ಅವಳು ಓದದೆ ಇಡುತ್ತಿದ್ದಳು. ಬೋಟು ದಡದ ಹತ್ತಿರ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ತಂಡೇಲ ಮನೆಗೆ ಫೋನು ಮಾಡುವನು. ಅಲ್ಲಿಂದ ಅವನು ಬಂದರಿಗೆ ಮುಟ್ಟಲು ಎರಡು ಮೂರು ತಾಸು. ಆ ಹೊತ್ತಿನಲ್ಲಿ ಕೊನೆಯ ಅಧ್ಯಾಯ ಮುಗಿಸಿ, ಮುಖ ತೊಳೆದು, ಅಂಗಳ ಗುಡಿಸಿ, ತೆಂಗಿನಕಾಯಿ ಹೆರೆಯಲು ಕೂರುವಳು. ಅವನು ಬರುವಾಗ ಮನೆ ಮನೆಯ ಹಾಗೆ ಇರುತ್ತಿತ್ತು. ಅವನಿಗೂ ಪುಸ್ತಕದ ವಿಷಯ ಗೊತ್ತಿತ್ತು, ಬೈದದ್ದಿಲ್ಲ. "ನಾ ಇಲ್ದಿದ್ರೆ ಇವ್ಳಿಗ್ ಬ್ಯಾಸ್ರ ಇಲ್ಲೆ ಕಾಣಿ ಅಕ್ಕ, ಅದೊಂದ್ ನಿಶ್ಚಿಂತಿ," ಎಂದು ನನ್ನ ಹತ್ತಿರ ಹೇಳಿದ್ದ.

ಇಷ್ಟೇ ಆಗಿದ್ದರೆ ನಾನು ಬರೆಯುವುದು ಬೇಕಿರಲಿಲ್ಲ. ಅವಳಿಗೊಂದು ಗುಣವಿತ್ತು. ಓದುತ್ತ ಓದುತ್ತ ಮರ್ಕುವಳು. ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತೇವೆ. ಕಣ್ಣಂಚು ಒದ್ದೆಯಾಗುವುದಲ್ಲ, ಸರಿಯಾಗಿ, ಸೆರಗು ಹಿಂಡುವ ಹಾಗೆ. ಅಳುತ್ತಲೇ ಓದುವಳು, ಅಕ್ಷರ ಕಾಣದಿದ್ದರೆ ಕಣ್ಣೊರೆಸಿ ಮತ್ತೆ ಓದುವಳು. ಮುಗಿದ ಮೇಲೆ ಜ್ವರ ಬಿಟ್ಟವಳ ಹಾಗೆ ಹಗುರಾಗಿ, "ಎಷ್ಟ್ ಲಾಯ್ಕ್ ಇದ್ದಿತ್ತ್ ಅಲ್ದಾ ಅಕ್ಕ," ಎನ್ನುವಳು.

"ಕತಿಯಂಗೆ ಸತ್ತವ್ಳ್ ನಿಂಗೆಂತ ಆಯ್ಕ್?" ಎಂದು ನಾನು ಕೇಳಿದ್ದೆ.

"ಎಂತದೂ ಆಯ್ಕಿಲ್ಲ. ಅದ್ಕೇ ಮರ್ಕುಕಾತ್ತ್. ನಮ್ಮವ್ರಿಗೆ ಮರ್ಕುವತ್ತಿಗೆ ಯಾರ್ ಕಾಂತ್ರ್, ಎಷ್ಟ್ ಮರ್ಕಿರೆ ಸಮ, ಅಂತ ಕಾಂತಾ ಇರ್ಕ್. ಇಲ್ಲ್ ಆ ರಗಳಿ ಇಲ್ಲೆ."

ನಮ್ಮವರು ಸತ್ತರೆ ಎಷ್ಟು ಅತ್ತರೆ ಸರಿ, ಯಾರು ನೋಡುತ್ತಾರೆ ಎಂದು ಗಮನ ಇಡಬೇಕು, ಪುಸ್ತಕದವರಿಗೆ ಆ ರಗಳೆ ಇಲ್ಲ ಎಂದು ಅವಳ ಲೆಕ್ಕ. ಬೇರೆ ರಗಳೆ ಇತ್ತು. ಬೋಟು ನೀರಿನಲ್ಲಿ ಇರುವಾಗ ಆ ಮನೆಯ ಹೆಂಗಸರು ಕಣ್ಣೀರು ಹಾಕಬಾರದು. ಇದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು, ಯಾಕೆ ಎಂದು ಯಾರೂ ಕೇಳಿಲ್ಲ. ನನ್ನ ಅತ್ತೆಗೆ ಸ್ವಂತ ತಮ್ಮ ತೀರಿಕೊಂಡ ಸುದ್ದಿ ಬಂದಾಗ ಮಾವ ಕಡಲಿನಲ್ಲಿದ್ದರು. ಅತ್ತೆ ನಾಲ್ಕು ದಿನ ಒಣಗಿದ ಕಣ್ಣಿನಲ್ಲಿ ಅಡುಗೆ ಮಾಡಿ, ಮಾವ ದಡಕ್ಕೆ ಕಾಲಿಟ್ಟ ಮೇಲೆ ಗೋಡೆಗೆ ತಲೆ ಇಟ್ಟು ಅತ್ತದ್ದನ್ನು ನಾನು ಕಂಡವಳು. ಇವಳಿಗೆ ನಾನೇ ಹೇಳಿದ್ದೆ, ಸ್ವಲ್ಪ ಜಾಗ್ರತೆ ಎಂದು. "ಅದ್ ನಮ್ಮ್ ದುಃಖಕ್ಕೆ ಹೇಳದ್ದ್ ಅಕ್ಕ. ಪುಸ್ತಕದವ್ರ್ ದುಃಖಕ್ಕಲ್ಲ," ಎಂದಳು. ನನಗೆ ಸರಿ ಎಂದೇ ತೋರಿತು. ಒಳಗಿನ ಕೋಣೆಯಲ್ಲಿ ಕೂತು ಓದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಜಗಲಿಯಲ್ಲಿ ನನಗೆ ಗಾಳಿ ಬರುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಒಂದೇ ಸಮ ಎರಡು ಸಲ ಅವರ ಬೋಟಿಗೆ ಕೇಡಾಯಿತು. ಮೊದಲ ಸಲ ಬಲೆ ಕಲ್ಲಿಗೆ ಸಿಕ್ಕಿ ಹರಿದು ಖಾಲಿ ಬಂದರು. ಎರಡನೇ ಸಲ ಇಂಜಿನ್ ನಿಂತು ಬೇರೆ ಬೋಟಿನವರು ಎಳೆದು ತಂದರು. ಮರುದಿನ ಬಂದರಿನಲ್ಲಿ ಮೀನಿನ ಏಲಂ ಶುರುವಾಗುವುದಕ್ಕೆ ಮೊದಲು ನಾವು ಮೀನಿನ ಹೆಂಗಸರು ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತಿದ್ದೆವು. ಎಲ್ಲರ ಮುಖ ಸಪ್ಪೆ. ನನಗೆ ನಗಿಸುವ ಚಟ. ಸೆರಗು ಕಣ್ಣಿಗೊತ್ತಿ, ಅವಳ ಸ್ವರ ತೆಗೆದು, ಅವಳು ಮರ್ಕುವ ಹಾಗೆ ಮಾಡಿ ತೋರಿಸಿದೆ.

"ನಮ್ಮ ಆಚಿಮನಿಯವ್ಳ್ ಮೊನ್ನಿ ಒಂದ್ ತಾಸ್ ಮರ್ಕಿದ್ಲ್ ಗೊತ್ತಿತ್ತಾ? ಯಾರ್ ಸತ್ತದ್ದ್ ಕೇಂಡ್ರೆ, ಪುಸ್ತಕದಂಗೆ ಯಾರೋ ಬಾಣಂತಿ ಅಂಬ್ರ್."

ಎಲ್ಲರೂ ನಕ್ಕರು. ಚೆನ್ನಾಗಿ ನಕ್ಕರು. ಒಬ್ಬಳು ಮಾತ್ರ ನಗು ನಿಲ್ಲಿಸಿ, "ಮೊನ್ನೆಯಾ? ಬೋಟ್ ಹೊರಗ್ ಇಪ್ಪತ್ತಿಗಾ?" ಎಂದಳು. ಬೋಟು ಕಡಲಿನಲ್ಲಿ ಇರುವಾಗಲೇ ಅತ್ತಳಾ ಎಂದು. ಅವಳ ಗಂಡ ಅದೇ ಬೋಟಿನಲ್ಲಿ ಬಲೆ ಎಳೆಯುವವನು. ನಾನು ಆಗಲೇ ಮಾತು ತಿರುಗಿಸಬಹುದಿತ್ತು. ನಗು ಬಂದ ಅಮಲಿನಲ್ಲಿ, "ಮತ್ತೆ? ಬೋಟ್ ದಾಟದ್ದೇ ಅವ್ಳಿಗ್ ಶುರು," ಎಂದೆ.

ಇಂಜಿನ್ ಸರಿಯಾಗಿ, ಬೋಟು ಹೊರಡಬೇಕಾದ ದಿನ ಬೆಳಿಗ್ಗೆ ಎಂಟೂ ಜನ ಅವಳ ಅಂಗಳಕ್ಕೆ ಬಂದರು. ಅವತ್ತು ನಾನು ಮಾರ್ಕೆಟ್ಟಿಗೆ ಹೋಗಿರಲಿಲ್ಲ, ಅವಳ ಜಗಲಿಯಲ್ಲೇ ಇದ್ದೆ. ಕೂಗಾಟ ಎಂತದೂ ಇಲ್ಲ. ಅವರಲ್ಲಿ ಹಿರಿಯವನು ಮುಂಡಾಸು ತೆಗೆದು ಹೆಗಲಿಗೆ ಹಾಕಿ ಕೇಳಿದ.

"ಅಮ್ಮ, ಒಂದ್ ಮಾತ್. ನಾವ್ ಕಡಲಂಗೆ ಇಪ್ಪತ್ತಿಗೆ ನೀವ್ ಮರ್ಕುದ್ ಹೌದಾ?"

ಅವಳು ಇಲ್ಲ ಎನ್ನಬಹುದಿತ್ತು. ಅವನನ್ನು ಒಮ್ಮೆ ನೋಡಿ, "ಹೌದ್," ಎಂದಳು.

ಒಳಗಿದ್ದ ತಂಡೇಲ ಹೊರಗೆ ಬಂದ. "ಎಂತ ಮಾತಾಡ್ತ್ರಿ ಮಾರಾಯ್ರೆ? ಪುಸ್ತಕ ಓದಿ ಮರ್ಕಿರೆ ಬಲಿ ಹರಿತ್ತಾ?"

"ನಮ್ಗ್ ಗೊತ್ತಿಲ್ಲೆ ತಂಡೇಲ್ರೆ. ಹರ್ದದ್ದ್ ಹೌದಲ್ದಾ?"

"ಅದ್ ಕಲ್ಲಿಗ್ ಸಿಕ್ಕಿ ಹರ್ದದ್ದ್."

"ಅಷ್ಟ್ ವರ್ಷ ಸಿಕ್ಕದ್ ಕಲ್ಲ್ ಈಗ ಎಲ್ಲಿಂದ ಬಂತ್? ನಮ್ಗೂ ಮನಿಯಂಗೆ ಮಕ್ಳಿದ್ದೊ. ನಾವ್ ಐಸ್ ಹಾಕುದಿಲ್ಲ, ಬೋಟ್ ಹತ್ತುದಿಲ್ಲ."

ತಂಡೇಲನಿಗೆ ಸಿಟ್ಟು ಬಂತು, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಒಳಗೆ ಹೋದಳು. ಪುಸ್ತಕ ತಂದಳು. ನೀಲಿ ರಟ್ಟಿನ ದಪ್ಪ ಪುಸ್ತಕ, ಇಂಜಿನ್ ಕೆಟ್ಟು ಬೋಟು ಬೇಗ ಬಂದದ್ದರಿಂದ ಮುಕ್ಕಾಲು ಮಾತ್ರ ಓದಿ ಆಗಿತ್ತು. ಎಲ್ಲರ ಎದುರಿಗೆ ನನ್ನ ಮಡಿಲಿಗೆ ಹಾಕಿದಳು.

"ಅಕ್ಕ, ನಾಳೆ ಇದನ್ನ್ ಕೊಟ್ಟ್ ಬನ್ನಿ. ಕಾರ್ಡನ್ನೂ ಕೊಡಿ. ಇನ್ನ್ ಬ್ಯಾಡ."

ನಾನು ಸಿಗಡಿ ಸುಲಿಯುತ್ತಿದ್ದ ಕೈಯನ್ನು ಸೀರೆಗೆ ಒರೆಸಿ ಪುಸ್ತಕ ತೆಗೆದುಕೊಂಡೆ. ತಮಾಷೆಗೆ ಹೇಳಿದ್ದು ನಾನು, ಅವಳದ್ದು ಏನೂ ತಪ್ಪಿಲ್ಲ ಎಂದು ಎಂಟು ಜನರ ಎದುರು ಹೇಳುವ ಬಾಯಿ ನನಗಿತ್ತು. ಮಾರ್ಕೆಟ್ಟಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅವತ್ತು ತೆರೆಯಲಿಲ್ಲ. ಅವರು ಮಧ್ಯಾಹ್ನ ಐಸು ತುಂಬಿದರು. ಕೆಟ್ಟದ್ದು ಎಂದರೆ, ಆ ಸಲ ಬೋಟು ತುಂಬಿ ಬಂತು. ಅಂಜಲ್, ಪಾಂಪ್ಲೆಟ್, ಇಡಲು ಜಾಗವಿಲ್ಲ. ಖಾಲಿ ಬಂದಿದ್ದರೆ ಅವಳು ಮತ್ತೆ ಓದುತ್ತಿದ್ದಳೋ ಏನೋ.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಇಂಜಿನ್ ನಿಂತ ಆ ಸಲ ಬೋಟು ಹೊರಗೆ ಇದ್ದಾಗ ಅವಳ ನಾದಿನಿ, ತಂಡೇಲನ ತಂಗಿ, ಬೈಂದೂರಿನಿಂದ ಬಂದು ನಾಲ್ಕು ದಿನ ಇದ್ದು ಹೋಗಿದ್ದಳು. ಅವಳೂ ಇವಳು ಮರ್ಕುವುದನ್ನು ಕಂಡಿದ್ದಳು. ಬೋಟು ಹೋದ ಮರುದಿನ ಇವಳು ಕಿಂಡಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಪುಸ್ತಕ ಇಲ್ಲದ್ದರಿಂದ ಕೈ ಎಲ್ಲಿ ಇಡುವುದು ಎಂದು ಗೊತ್ತಾಗದೆ ಬೇಲಿಯ ಕಡ್ಡಿ ಮುರಿಯುತ್ತಿದ್ದಳು.

"ನಾದ್ನಿಯೇ ಹೇಳದ್ದ್ ಅಲ್ದಾ ಅಕ್ಕ? ಕಂಡದ್ದ್ ನೀವ್, ಅವ್ಳ್. ಇಬ್ರೇ."

"ಇಕ್ಕ್," ಎಂದೆ. ಇರಬಹುದು ಎಂದು ಅರ್ಥ.

ಅಷ್ಟೇ ಹೇಳಿದ್ದು. ಅವಳಿಗೆ ಅದು ಸಾಕಾಯಿತು. ಅಂದಿನಿಂದ ನಾದಿನಿಯ ಫೋನು ಎತ್ತಲಿಲ್ಲ. ಮನೆಯ ಪೂಜೆಗೆ ಕರೆಯಲಿಲ್ಲ. ನಾದಿನಿ ತಾನಾಗಿ ಬಂದಾಗ ಇವಳು ಚಾ ಕೊಟ್ಟು ಒಳಗೆ ಹೋಗಿ ಕೂತಳು. ಎರಡು ಸಲ ಹಾಗಾದ ಮೇಲೆ ನಾದಿನಿ ಬರುವುದು ಬಿಟ್ಟಳು. ತಂಡೇಲ ಕೇಳಿದರೆ, "ಅದ್ ಹೆಂಗ್ಸ್ರ್ ವಿಷ್ಯ, ನೀವ್ ಬಾಯ್ ಹಾಕ್ಬೇಡಿ," ಎಂದಳಂತೆ. ನಿಜ ಹೇಳಬೇಕು ಎಂದು ಒಂಬತ್ತು ವರ್ಷದಲ್ಲಿ ಎಷ್ಟು ಸಲ ಕಿಂಡಿಯ ತನಕ ಹೋದೆನೋ ನನಗೆ ಲೆಕ್ಕವಿಲ್ಲ. ಹೇಳಿದರೆ ಕಿಂಡಿ ಮುಚ್ಚುತ್ತಾಳೆ. ನನಗೆ ಮಾತಾಡಲು ಅವಳನ್ನು ಬಿಟ್ಟರೆ ಯಾರೂ ಇಲ್ಲ. ಬೈಂದೂರಿನವಳಿಗೆ ಅವಳ ಮನೆ ತುಂಬ ಜನರಿದ್ದಾರೆ. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಪುಸ್ತಕ ಬಿಟ್ಟ ಮೇಲೆ ಅವಳು ಅಂಗಳ ದಿನಕ್ಕೆ ಮೂರು ಸಲ ಗುಡಿಸಿದಳು. ಸಾರು ಮಾಡಿದಳು, ನನಗೂ ಕೊಟ್ಟಳು. ಸಂಘದ ಮೀಟಿಂಗಿಗೆ ಹೋದಳು. ಕೇರಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಓಡಿದಳು. ಈಗ ಎಲ್ಲರೂ ಒಳ್ಳೆಯ ಹೆಂಗಸು ಎಂದದ್ದು ಇವಳನ್ನೇ. ಜಡೆ ಕಚ್ಚಿಕೊಂಡು ಕೂರುತ್ತಿದ್ದವಳನ್ನು ಅವರು ಕಂಡವರಲ್ಲ.

ಮಳೆಗಾಲದಲ್ಲಿ ಬೋಟು ದಡದಲ್ಲಿ ಇರುತ್ತದಲ್ಲ, ಆಗ ಮರ್ಕಿದರೆ ಯಾರಿಗೂ ತೊಂದರೆಯಿಲ್ಲ. ಒಂದು ಸಲ ನಾನು ಅವಳಿಗೆ ಹೇಳದೆ, ಕನ್ನಡಕದವರನ್ನು ಬೇಡಿ ಕಾರ್ಡಿಲ್ಲದೆ ಒಂದು ದಪ್ಪ ಪುಸ್ತಕ ತಂದುಕೊಟ್ಟೆ. ನಾಲ್ಕು ದಿನಕ್ಕೆ ಹಿಂದೆ ಬಂತು.

"ಅವ್ರ್ ಮನಿಯಂಗೆ ಇಪ್ಪತ್ತಿಗೆ ಹ್ಯಾಂಗ್ ಓದುದ್ ಅಕ್ಕ? ಅರ್ಧ ಗಂಟಿಗೊಂದ್ ಚಾ ಅಂತ್ರ್. ಕತಿ ಎಲ್ಲಿಗ್ ಬಂತ್ ಅಂತ್ರ್. ಹೇಳಿರೆ, ಆಮೇಲ್ ಎಂತ ಆಯ್ತ್ ಅಂತ್ರ್. ಪಾಪ, ಒಳ್ಳೆ ಮನ್ಸಂಗೇ ಕೇಂತ್ರ್. ಆರೆ ನಂಗೆ ಓದುಕಾತಿಲ್ಲೆ."

ಗಂಡ ಇದ್ದರೆ ಓದಲಾಗುವುದಿಲ್ಲ, ಇಲ್ಲದಿದ್ದರೆ ಓದಬಾರದು. ಆ ಮಾತು ಅವಳು ನಗುತ್ತಲೇ ಹೇಳಿದಳು. ನಾನು ಪುಸ್ತಕವನ್ನು ಬುಟ್ಟಿಯ ಅಡಿಗೆ ಹಾಕಿ ಎದ್ದುಬಂದೆ.

ಈ ಮಳೆಗಾಲ ಶುರುವಾಗುವಾಗ ಅವಳ ಕಾಲಿನ ಗಾಯ ಜೋರಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕುಂದಾಪುರದ ಆಸ್ಪತ್ರೆಗೆ ಸೇರಿಸಿದರು. ಹಗಲು ನಾನು, ಸಂಜೆಗೆ ತಂಡೇಲ. ಬೋಟಿಲ್ಲದ ಕಾಲ, ಮಾರಲು ಮೀನಿಲ್ಲ, ನನಗೂ ಕೆಲಸವಿರಲಿಲ್ಲ. ಐದನೇ ದಿನ ಮಧ್ಯಾಹ್ನ ಅವಳು ಮಾಡು ನೋಡುತ್ತ ಮಲಗಿದ್ದವಳು ಕೇಳಿದಳು.

"ಅಕ್ಕ, ಆ ನೀಲಿ ಪುಸ್ತಕದ ಹೆಣ್ಣ್ ಕಡಿಗೆ ಗಂಡನ್ ಮನಿಗ್ ಹೋಯ್ತಾ, ಇಲ್ಯಾ? ನಿಮ್ಗ್ ಗೊತ್ತಿತ್ತಾ?"

ನನಗೆ ಹೇಗೆ ಗೊತ್ತಿರುತ್ತದೆ. ಒಂಬತ್ತು ವರ್ಷ ಅದು ಅವಳ ತಲೆಯಲ್ಲಿ ಇತ್ತು ಎಂದೂ ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ಲೈಬ್ರರಿಗೆ ಹೋದೆ. ಕನ್ನಡಕದವರು ರಿಟೈರ್ ಆಗಿದ್ದರು, ಒಂದು ಹುಡುಗಿ ಇದ್ದಳು. ಪುಸ್ತಕದ ಹೆಸರೇನು ಎಂದಳು, ಗೊತ್ತಿಲ್ಲ. ಬರೆದವರು ಯಾರು ಎಂದಳು, ಗೊತ್ತಿಲ್ಲ. ನೀಲಿ ರಟ್ಟು, ಇಷ್ಟು ದಪ್ಪ, ಒಂದು ಹೆಣ್ಣು ಗಂಡನ ಮನೆ ಬಿಟ್ಟು ಬರುತ್ತದೆ ಎಂದೆ. "ಅಜ್ಜಿ, ಎಲ್ಲ ಪುಸ್ತಕದಂಗೂ ಬತ್ತ್," ಎಂದಳು ಆ ಹುಡುಗಿ. ಆದರೂ ಪಾಪ, ಒಳಗೆ ಕರೆದುಕೊಂಡು ಹೋಗಿ ಕಪಾಟು ತೋರಿಸಿದಳು. ನಾನು ಒಂದೊಂದೇ ನೀಲಿ ಪುಸ್ತಕ ತೆಗೆದು ಕೈಯಲ್ಲಿ ತೂಗಿ ನೋಡಿದೆ. ಯಾವುದೂ ಅದಲ್ಲ. ಇಲ್ಲ, ಎಲ್ಲವೂ ಅದೇ. ನನಗೆ ಹೇಗೆ ಗೊತ್ತಾಗಬೇಕು.

ಬರಿಗೈಯಲ್ಲಿ ಆಸ್ಪತ್ರೆಗೆ ನಡೆಯುವಾಗ ಇವತ್ತು ಹೇಳಿಯೇ ಬಿಡುವುದು ಎಂದು ನಿಶ್ಚಯ ಮಾಡಿದ್ದೆ. ಮಂಚದ ಹತ್ತಿರ ಸ್ಟೂಲು ಎಳೆದು ಕೂತು, "ಒಂದ್ ಮಾತ್ ಇತ್ತ್ ಹೆಣೆ," ಎಂದೆ. ಅಷ್ಟರಲ್ಲಿ ಹೊರಗೆ ವರಾಂಡದಲ್ಲಿ ಯಾರೋ ನರ್ಸಿನ ಹತ್ತಿರ ಮಂಚದ ನಂಬರು ಕೇಳುವುದು ಕೇಳಿಸಿತು. ಅವಳ ಮುಖ ಗಟ್ಟಿಯಾಯಿತು.

"ಅದ್ ನಾದ್ನಿ ಸ್ವರ ಅಲ್ದಾ? ಒಳಗ್ ಬಿಡ್ಬೇಡಿ ಅಕ್ಕ. ಚಾಡಿ ಹೇಳಿ ಮನಿ ಮುರ್ದವ್ಳ್, ಈಗ ಕಣ್ಣೀರ್ ಹಾಕುಕ್ ಬಂದಿದ್ಲ್."

ಆಗ ಹೇಳಬೇಕಿತ್ತು. ನಾನು ಎದ್ದು ಹೊರಗೆ ಹೋದೆ. ನಾದಿನಿ ಎರಡು ಎಳನೀರು ಹಿಡಿದು ನಿಂತಿದ್ದಳು, ಮಳೆಗೆ ಅರ್ಧ ಒದ್ದೆಯಾಗಿದ್ದಳು. "ಈಗಷ್ಟೇ ನಿದ್ರಿ ಬಂದಿತ್ತ್, ಎಬ್ಸುದ್ ಬ್ಯಾಡ ಅಂದಿರ್ ಡಾಕ್ಟ್ರ್," ಎಂದೆ. ಅವಳು ಬಾಗಿಲ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕೂತಳು. ಎದ್ದಿದ್ದಾಳಾ ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ ಎರಡು ಸಲವೂ. ಬಸ್ಸಿಗೆ ಹೊತ್ತಾಯಿತು ಎಂದು ಎಳನೀರು ನನ್ನ ಕೈಗೆ ಕೊಟ್ಟು ಹೋದಳು. ನಾನು ಅದನ್ನು ಕೆತ್ತಿಸಿ ಒಳಗೆ ತಂದೆ.

"ಲಾಯ್ಕ್ ಇತ್ತ್. ಯಾರ್ ತಂದದ್ದ್?" ಎಂದಳು ಕುಡಿದು.

"ನಾನೇ," ಎಂದೆ.

ಅದಾಗಿ ಮೂರನೇ ದಿನ ಬೆಳಿಗ್ಗೆ ಅವಳು ತೀರಿಹೋದಳು.

ಹದಿಮೂರನೇ ದಿನ ಬೊಜ್ಜ, ಸತ್ತವರ ಹೆಸರಿನ ಊಟ. ನಾದಿನಿ ಬಂದು ಕೆಲಸವೆಲ್ಲ ಮಾಡಿದಳು. ಊಟ ಮುಗಿದು, ಜನ ಹೋದ ಮೇಲೆ ಹಿತ್ತಲಿನಲ್ಲಿ ಇಬ್ಬರೇ ದೊಡ್ಡ ಪಾತ್ರೆ ತಿಕ್ಕುತ್ತಿದ್ದೆವು. ಆಗ ಹೇಳಿದೆ. ಏಲಂ ಜಾಗದಲ್ಲಿ ನಗಿಸಿದ್ದು, ಎಂಟು ಜನ ಬಂದದ್ದು, ಕಿಂಡಿಯಲ್ಲಿ ಅವಳು ಕೇಳಿದ್ದು, ನಾನು ಹೇಳಿದ್ದು. ಎಲ್ಲ. ಅವಳು ತಿಕ್ಕುವುದು ನಿಲ್ಲಿಸಲಿಲ್ಲ. ತಿಕ್ಕುತ್ತಲೇ ಕೇಳಿದಳು.

"ಪುಸ್ತಕದ್ ವಿಷ್ಯಕ್ಕಾ? ಬರೀ ಅದ್ಕಾ ಅತ್ತಿಗೆ ನನ್ನ್ ಬಿಟ್ಟದ್ದ್?"

"ಅದ್ಕೇ."

"ನಾ ಬೇರೆ ತಿಳ್ಕಂಡಿದ್ದೆ." ತೆಂಗಿನ ಸಿಪ್ಪೆ ಕೆಳಗಿಟ್ಟಳು. "ಅವತ್ತ್ ಅತ್ತಿಗೆ ಮರ್ಕುದ್ ಕಂಡ್ ನಾ ಒಂದ್ ಮಾತ್ ಹೇಳಿದ್ದೆ. ಹೆತ್ತದ್ದ್ ಒಂದ್ ಇದ್ದಿರೆ ಪುಸ್ತಕ ಹಿಡ್ಕಂಡ್ ಮರ್ಕುಕಿತ್ತಾ ಅಂತ. ತಮಾಷಿಗೆ. ಆ ಮಾತಿಗೇ ಬಿಟ್ಲ್ ಅಂತ ಒಂಬತ್ತ್ ವರ್ಷ ನಂಗೆ ಉಂಡದ್ದ್ ಮೈಗ್ ಹತ್ಲಿಲ್ಲೆ. ಆ ಮಾತ್ ಅವ್ಳ್ ನಿಮ್ಮತ್ರ ಹೇಳಿದ್ಲಾ?"

"ಒಂದ್ ದಿನವೂ ಹೇಳ್ಲಿಲ್ಲೆ."

"ಆ ಮಾತ್ ಅವ್ಳ್ ಕೆಮಿಗ್ ಬಿದ್ದಿತ್ತೋ ಇಲ್ಯೋ."

"ಗೊತ್ತಿಲ್ಲೆ."

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಪಾತ್ರೆಗಳನ್ನು ತೊಳೆದು ಕವುಚಿ ಹಾಕಿದಳು. ಒಳಗೆ ಹೋಗಿ ಅಣ್ಣನಿಗೆ ಹೊರಟೆ ಎಂದು ಹೇಳಿ ಚೀಲ ತೆಗೆದುಕೊಂಡು ಬಂದಳು. ನನ್ನ ತಪ್ಪನ್ನು ಅವನಿಗೆ ಮರುದಿನ ನಾನೇ ಹೇಳಿದೆ, ಅವನು ಎಂತ ಎಂದ ಎಂಬುದನ್ನು ಬರೆಯುವುದಿಲ್ಲ. ಅವತ್ತು ನಾನು ನಾದಿನಿಯ ಹಿಂದೆ ಬಸ್ ಸ್ಟ್ಯಾಂಡಿನ ತನಕ ಹೋದೆ. ಬರಬೇಡಿ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಮಳೆ ಸಣ್ಣಗೆ ಬರುತ್ತಿತ್ತು. ಬಸ್ಸು ಬಂದು ನಿಂತು ಜನ ಇಳಿಯುವಾಗ ಅವಳು ನನ್ನ ಕಡೆ ತಿರುಗಿದಳು.

"ಅವತ್ತ್ ಆಸ್ಪತ್ರೆಯಂಗೆ ನಾ ಹೊರಗ್ ಕೂಕಂಡಿಪ್ಪತ್ತಿಗೆ ಅತ್ತಿಗೆ ನಿದ್ರಿ ಮಾಡ್ತಿದ್ಲಾ, ಎಚ್ಚರ ಇದ್ಲಾ?"

ಹಿಂದಿನವರು ಹತ್ತಿ ಹತ್ತಿ ಎಂದು ಅವಳನ್ನು ದೂಡುತ್ತಿದ್ದರು. ನಿದ್ದೆ ಎಂದಿದ್ದರೆ ಅವಳು ಸುಖವಾಗಿ ಬೈಂದೂರಿಗೆ ಹೋಗುತ್ತಿದ್ದಳು. ಅಷ್ಟು ನನಗೂ ಗೊತ್ತಾಯಿತು.

"ಎಚ್ಚರ ಇದ್ಲ್," ಎಂದೆ. "ನಿನ್ನ್ ಸ್ವರ ಕೇಂಡಿದ್ಲ್. ಒಳಗ್ ಬಿಡ್ಬೇಡಿ ಅಂದ್ಲ್. ನಾ ಬಿಡ್ಲಿಲ್ಲೆ."

ಅವಳು ತಲೆ ಆಡಿಸಿದಳು. ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಆಚೆ ಬದಿಯ ಸೀಟಿನಲ್ಲಿ ಕೂತಳು. ಈಚೆ ಬದಿಯಲ್ಲಿ, ನಾನು ನಿಂತ ಕಡೆ, ಎರಡು ಸೀಟು ಖಾಲಿ ಇದ್ದವು.